ಉಳಿದರ್ಧ ತುಂಬುವವರು

೪ ಫೆಬ್ರವರಿ ೨೦೦೮, ಸೋಮವಾರ

ಬಸ್ ತಡ. ಹಾವೇರಿ ಮುಟ್ಟುವತನಕ ನಿಂತೇ ಬಂದೆ. ಪ್ರೆಸ್ಸಿಗೆ ಬಂದು ಕಂಪ್ಯೂಟರ್ ಹಚ್ಚಿದರೆ ಹೊಸ ಕಾಟ. ನಮ್ಮ ವಾರಪತ್ರಿಕೆಯ ವೆಬ್‌ಸೈಟ್ ನೋಡಿಕೊಳ್ಳುವ ಮಾಲತೇಶ ನನ್ನನ್ನು ಕೇಳದೆ ಟೈಪ್ ಮಾಡುವ ಎಡಿಟರ್ ಸಾಫ್ಟ್‌ವೇರ್‌ಗೆ ಒಂದು ಪ್ಲಗಿನ್ ಸೇರಿಸಿದ್ದಾನೆ. ಪದದ ಶುರು ಹೊಡೆದರೆ ಸಾಕು, ಉಳಿದದ್ದನ್ನು ಅದೇ ತುಂಬುತ್ತದೆ. ನಾನು ಕಾಗದ ನೋಡಿ ಟೈಪ್ ಮಾಡುವವಳು, ತೆರೆ ನೋಡುವ ರೂಢಿ ಇಲ್ಲ. ‘ದೇವರ ದಯೆ’ ಎಂದು ಹೊಡೆದಿದ್ದೆ. ಮುಗಿಸಿ ತಲೆ ಎತ್ತಿದರೆ ‘ದೇವರಗುಡ್ಡ ದಯೆ’. ಪ್ಯಾರಾ ಪ್ಯಾರಾಗೂ ಆ ಊರು, ದೇವರಗುಡ್ಡ.

“ಸ್ಪೇಸ್ ಒತ್ತಿದ್ರ ನೀವು ಹೂಂ ಅಂದಂಗ್ರಿ, ಅಕ್ಕಾರ” ಎಂದ.

ಸ್ಪೇಸ್ ಒತ್ತದೆ ಬರೆಯುವುದು ಹೇಗೋ ಅವನೇ ಹೇಳಬೇಕು.

ಬ್ಯಾಡಗಿಗೆ, ಮನೆಗೆ ಬಂದರೆ ಇಲ್ಲೂ ಅದೇ. ಅತ್ತೆಗೆ ಲಕ್ವಾ ಹೊಡೆದ ಮೇಲೆ ಬಲಗೈ ಬಿದ್ದಿದೆ. ಮಾತು ಶುರುವಾಗುತ್ತದೆ, ಮುಗಿಯುವುದಿಲ್ಲ. ಮೊದಲ ಅಕ್ಷರ ಹೊರಬಿದ್ದರೆ ಸಾಕು, ಇವರು — ನನ್ನ ಗಂಡ ದುರ್ಗೇಶ — ಉಳಿದದ್ದನ್ನು ತುಂಬಿಯೇ ಬಿಡುತ್ತಾರೆ. ‘ನೀ’ ಅಂದರೆ ನೀರು. ಚೊಂಬು ಬಾಯಿಗೆ. ಅತ್ತೆ ಸಿಟ್ಟಿನಲ್ಲಿ ಕುಡಿಯುತ್ತಾರೆ.

೯ ಫೆಬ್ರವರಿ

ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಉಚ್ಚಂಗೆವ್ವ ಅಂದರೆ ಮುಂದಾಳು. ಮಾರ್ಕೆಟ್ಟಿನ ಆ ತುದಿಯಲ್ಲಿ ಬೈದರೆ ಈ ತುದಿಯಲ್ಲಿ ಕೇಳುತ್ತಿತ್ತು. ಅಂಥ ಅತ್ತೆ ಈಗ ದಿನವಿಡೀ ‘ಮೇ... ಮೇ...’ ಅನ್ನುತ್ತ ಮೊಣಕಾಲಿಗೆ ಹೊಡೆದುಕೊಳ್ಳುತ್ತಾರೆ. ಇನ್ನೊಂದು ಸಲ ಲಕ್ವಾ ಹೊಡೆದರೆ ಈ ಅರ್ಧ ಮಾತೂ ಹೋಗುತ್ತದೆ ಎಂದು ಡಾಕ್ಟರ್ ಹೇಳಿಯಾಗಿದೆ. ಹೇಳುವುದು ಏನಿದ್ದರೂ ಈಗಲೇ ಹೇಳಬೇಕು. ಕೇಳುವವರು ಯಾರು?

ಪಕ್ಕದ ಮನೆ ಸೋಮವ್ವ ಬಂದು ಕೂತಿದ್ದಳು. “ಮೇವು ಅನ್ನಾಕತ್ತಾಳ. ಎಮ್ಮಿ ನೆನಪಾಗೇತಿ ಪಾಪ.” ಎಮ್ಮೆ ಮಾರಿ ಕಾಲವಾಯಿತು.

“ಎಂಥಾ ಮೇವು. ಮೇಡ್ಲೇರಿ. ಅವ್ವಗ ತವರಮನಿ ನೋಡಬೇಕಾಗೇತಿ” ಎಂದರು ಇವರು. ಮುಗಿಯಿತು. ಸ್ಪೇಸ್ ಒತ್ತಿದ ಹಾಗೆ.

೧೭ ಫೆಬ್ರವರಿ, ರವಿವಾರ

ಮೇಡ್ಲೇರಿಗೆ ಹೋಗಿ ಬಂದೆವು. ಬಾಡಿಗೆ ಗಾಡಿ. ರಾಣೆಬೆನ್ನೂರಿನೊಳಗೆ ಬರುತ್ತಲೇ ಅತ್ತೆ ಎಡಗೈಯಿಂದ ಕಿಟಕಿ ಗಾಜು ಬಡಿಯತೊಡಗಿದರು. “ಎಳನೀರು ಬೇಕಂತ” ಎಂದು ಇವರು ಗಾಡಿ ನಿಲ್ಲಿಸಿ ತಂದರು. ಅತ್ತೆ ತಳ್ಳಿದರು. ನನ್ನ ಸೀರೆ ತೊಯ್ದು ತೊಪ್ಪೆ.

ಮೇಡ್ಲೇರಿಯಲ್ಲಿ ಅತ್ತೆಯ ತಮ್ಮ ಗೋಣೆಪ್ಪ ಮಾವನಿಗೆ ಒಂದೇ ಸಂಭ್ರಮ. “ತವರ ಅಂದ್ರ ಹಂಗ ನೋಡ್ರಿ. ಕರಳು ಎಳೀತೈತಿ.” ಎಳೆಸಿಕೊಂಡು ಬಂದ ಅಕ್ಕ ಮಾತ್ರ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೋಳಿಗೆ ಮುಟ್ಟಲಿಲ್ಲ.

ವಾಪಸ್ ಬರುವಾಗಲೂ ರಾಣೆಬೆನ್ನೂರು, ಮತ್ತೆ ಗಾಜು. “ಈಗ ಒಂದಕ್ಕ ಹೋಗಬೇಕಂತ.” ನನಗೆ ಗಾಡಿ ಇಳಿದು ನಡೆದೇ ಮನೆಗೆ ಹೋಗಿಬಿಡೋಣ ಅನ್ನಿಸಿತು.

೧೮ ಫೆಬ್ರವರಿ

ಮಾಲತೇಶನ ಮೇಲೆ ಕೂಗಾಡಿದೆ. ಇನ್ನೊಬ್ಬರಿಗೆ ಹೋಗಬೇಕಾದ್ದರಲ್ಲಿ ಅರ್ಧ ಅವನಿಗೆ ಹೋಯಿತು. ಪಾಪ, ತೆಪ್ಪಗೆ ಬೇರೆ ಪ್ಲಗಿನ್ ಹಾಕಿಕೊಟ್ಟ.

“ಇದು ತಾನಾಗಿ ತುಂಬೂದಿಲ್ರಿ. ಆಗಬಹುದಾದ ಪದಾ ಎಲ್ಲಾ ಕೆಳಗ ತೋರಿಸಿ ಸುಮ್ಮನ ಕುಂದರತೈತಿ. ಬೇಕಾದ್ದು ಆರಿಸ್ರಿ. ಯಾವುದೂ ಬ್ಯಾಡಂದ್ರ ಎಸ್ಕೇಪ್ ಒತ್ರಿ.”

ಸುಮ್ಮನೆ ಕೂರುತ್ತದೆ. ಎಸ್ಕೇಪ್ ಇದೆ. ಇಷ್ಟೇ ಬೇಕಾಗಿದ್ದದ್ದು.

೨೦ ಫೆಬ್ರವರಿ

ಅತ್ತೆಯ ಹತ್ತಿರ ಇದನ್ನೇ ಮಾಡಿ ನೋಡಿದೆ. ನಾನು ಒಂದೊಂದೇ ಹೇಳುವುದು, ಕಾಯುವುದು. ಹೌದಾದರೆ ಅವರು ಎಡಗೈ ಎತ್ತಬೇಕು. ಅಲ್ಲವಾದರೆ ಅಂಗೈ ಮಗುಚಬೇಕು.

ವಾರದಿಂದ ‘ಕಿ’ ಅನ್ನುತ್ತಿದ್ದರು. ಇವರು ‘ಕಿವಿ’ ಎಂದು ತೀರ್ಮಾನಿಸಿ ದಿನಾ ಕಿವಿಗೆ ಔಷಧಿ ಹಾಕುತ್ತಿದ್ದರು. ಕೇಳಿದೆ — ಕಿವಿ? ಅಂಗೈ ಮಗುಚಿತು. ಕಿಡಕಿ? ಕೈ ಮೇಲೆದ್ದಿತು. ಮಾರ್ಕೆಟ್ಟಿನ ಘಾಟು ಒಳಗೆ ಬರುತ್ತಿತ್ತು, ಮುಚ್ಚಬೇಕಿತ್ತು. ಅಷ್ಟೇ. ಮುಚ್ಚಿದೆ. ಅತ್ತೆ ನಕ್ಕರು, ಅರ್ಧ ಬಾಯಲ್ಲಿ. ನನಗೆ ಅಳು ಬಂತು.

ಆದರೆ ‘ಮೇ’? ಮೇಡ್ಲೇರಿ, ಮೇವು, ಮೇಲೆ, ಮೇಜು... ಬಾಯಿಗೆ ಬಂದದ್ದೆಲ್ಲ ಹೇಳಿದೆ. ಎಲ್ಲಕ್ಕೂ ಅಂಗೈ ಮಗುಚಿತು. ಕಡೆಗೆ ಇಬ್ಬರಿಗೂ ಸಾಕಾಯಿತು. ಕಣ್ಣು ಮುಚ್ಚಿಕೊಂಡರು.

೨೬ ಫೆಬ್ರವರಿ

ಇವತ್ತು ಹೊಸ ಪ್ಲಗಿನ್‌ಗೂ ಬೈದೆ. ಒಂದು ಊರಿನ ಹೆಸರು ಏನು ಮಾಡಿದರೂ ತೋರಿಸಲೊಲ್ಲದು. ಮಾಲತೇಶ ತಾಳ್ಮೆಯಿಂದ ಹೇಳಿದ: “ಅದರ ಪದಗಳ ಫೈಲಿನ್ಯಾಗ ಇಲ್ಲದ್ದನ್ನ ಅದು ಎಲ್ಲಿಂದ ತರಬೇಕ್ರಿ? ಒಮ್ಮೆ ನೀವ ಪೂರ್ತಿ ಬರೀಬೇಕು. ಆಮ್ಯಾಲ ತೋರಸ್ತೈತಿ.”

ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನದ ಹೆಸರು ಒಂದೇ ಒಂದು.

ಮೇಘಾ. ಇವರ ತಂಗಿ. ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ನಾಲ್ಕು ವರ್ಷ. ಇರುವುದು ದೂರವೇನಲ್ಲ, ರಾಣೆಬೆನ್ನೂರಿನಲ್ಲಿ. “ಆ ಹೆಸರು ಈ ಮನ್ಯಾಗ ಬ್ಯಾಡ” ಎಂದು ಇವರು ಅಂದಿದ್ದರು. ಎಲ್ಲರೂ ಬಿಟ್ಟೆವು. ಈ ಡೈರಿಯಲ್ಲೂ ಬರೆದಿರಲಿಲ್ಲ. ಮಗಳ ಊರು ಬಂತೆಂದು ಗಾಜು ಬಡಿಯುತ್ತಿದ್ದ ಮುದುಕಿಗೆ ನಾವು ಎಳನೀರು ಕುಡಿಸಲು ಹೋಗಿದ್ದೆವು.

೨೭ ಫೆಬ್ರವರಿ

ಇವರ ಎದುರಿಗೇ ಕೇಳಿದೆ. ಮೇಡ್ಲೇರಿ? ಅಂಗೈ ಮಗುಚಿತು. ಮೇವು? ಮಗುಚಿತು. ಮೇಘಾ?

ಅತ್ತೆ ಕೈ ಎತ್ತಲಿಲ್ಲ. ನನ್ನ ಮಣಿಕಟ್ಟು ಹಿಡಿದರು, ಉಗುರು ನಾಟುವ ಹಾಗೆ.

ಇವರ ಮುಖ ಕಪ್ಪಿಟ್ಟಿತು. “ಅವ್ವ ಹಂಗಂದಿಲ್ಲ. ನೀನ ತುಂಬೀದಿ.”

ಯಾರು ಯಾರಿಗೆ ಹೇಳುವ ಮಾತು. ನಾನೂ ಬಿಡಲಿಲ್ಲ. “ಹಂಗಾರ ನೀವ ಕೇಳ್ರಿ. ಕೇಳಿ, ಉತ್ತರ ಬರೂತನಕ ಸುಮ್ಮನ ಕುಂದ್ರಿ. ನಿಮಗ ಅದೊಂದ ಬರೂದಿಲ್ಲ.” ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

೧ ಮಾರ್ಚ್

ಇವರು ಊಟಕ್ಕೆ ಬರುತ್ತಾರೆ, ಹೋಗುತ್ತಾರೆ. ಅತ್ತೆ ‘ಮೇ’ ಅನ್ನುವುದನ್ನೂ ಬಿಟ್ಟಿದ್ದಾರೆ. ಅದೇ ಹೆದರಿಕೆ.

೯ ಮಾರ್ಚ್, ರವಿವಾರ, ಬೆಳಿಗ್ಗೆ

ರೊಟ್ಟಿ ಅರ್ಧಕ್ಕೆ ಬಿಟ್ಟು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇವರು ತಾವಾಗಿ ಹೋಗಿ ಅತ್ತೆಯ ಪಕ್ಕ ಕೂತರು. ಮಾತನ್ನು ಅಲ್ಲಿ ಇಲ್ಲಿ ಸುತ್ತಿಸಿದರು. “ಚಾ ಬೇಕೇನವಾ? ಅಂಗಳಕ್ಕ ಹೋಗೂದು? ಮೇಡ್ಲೇರಿ?” ಮೇವನ್ನೂ ಕೇಳಿದರು. ಅಂಗೈ ಮಗುಚುತ್ತಲೇ ಇತ್ತು. ಆ ಹೆಸರು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಕಡೆಗೆ, “ಮೇಘಾ?” ಎಂದರು.

ಕೈ ಎದ್ದಿತು. ಇವರು ಆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಮದುವೆಯಾದಾಗಿನಿಂದ ಇವರು ಅತ್ತದ್ದು ಕಂಡಿರಲಿಲ್ಲ.

ಫೋನ್ ನಂಬರ್ ನನ್ನ ಹತ್ತಿರ ಇರಲಿಲ್ಲ. ಸೋಮವ್ವನ ಹತ್ತಿರ ಇತ್ತು. ಓಣಿಯವರೆಲ್ಲರ ಹತ್ತಿರವೂ ಇತ್ತಂತೆ.

ಈಗ ಫೋನ್ ಹಚ್ಚಿದ್ದಾರೆ. ಆ ಕಡೆ ಎತ್ತಿದರು. ಇವರು “ನಾ...” ಅಂದರು. ಮತ್ತೆ “ನಾ...” ಅಷ್ಟೇ. ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಾರೆ, ಉಳಿದದ್ದನ್ನು ನಾನು ಹೇಳಲಿ ಎಂದು. ಹೇಳುವುದಿಲ್ಲ.

ಅತ್ತೆ ಎಡಗೈ ಚಾಚಿದರು. ಇವರು ಫೋನನ್ನು ಅವರ ಕಿವಿಗೆ ಹಿಡಿದರು. ಆ ಕಡೆಯಿಂದ ಮೇಘಾ ‘ಅವ್ವಾ’ ಅಂದದ್ದು ಇಲ್ಲಿಗೂ ಕೇಳಿಸಿತು.

ಅತ್ತೆಯ ತುಟಿ ಒದ್ದಾಡುತ್ತಿದೆ. ಯಾರೂ ಬಾಯಿ ಹಾಕುತ್ತಿಲ್ಲ.

“ಬಾ” ಎಂದರು ಅತ್ತೆ. ಪೂರ್ತಿ ಮಾತು. ಬರೆಯುವುದು ಅರ್ಧಕ್ಕೇ ಇರಲಿ, ನಾನು ಹೋಗಿ...