ಚಹಾಪೆಟ್ಟಿಗೆಯಲ್ಲಿ ನೂರು ವ್ಯಾಟ್

೨೯ ಅಕ್ಟೋಬರ್ ೧೯೫೬, ಬೀದರ

ಸಮಸ್ತ ನಗರವಾಸಿಗಳಿಗೆ ಈ ಮೂಲಕ ಸಾರಲಾಗಿದೆ: ನಮ್ಮ ಬಡಮನೆಗೆ ಇಂದು ನೂರು ವ್ಯಾಟಿನ ಬಲ್ಬು ಬಿಜಯಂಗೈದಿದೆ! ಇಷ್ಟು ದಿನ ಇಪ್ಪತ್ತೈದರ ಬೆಳಕಿನಲ್ಲಿ ಪತ್ರಿಕೆಗೆ ನಗೆಬರಹ ಬರೆದೆ. ಓದುಗರು ಕತ್ತಲಲ್ಲೇ ಓದುತ್ತಾರೆಂದು ಗುಮಾನಿ.

ಆದರೆ ಬಲ್ಬು ನನಗಲ್ಲ. ಚಹಾಪುಡಿ ಬಂದ ಕಟ್ಟಿಗೆಯ ಪೆಟ್ಟಿಗೆಯೊಳಗೆ ತೂಗಿದೆ. ಕೆಳಗೆ ಹತ್ತಿಯಲ್ಲಿ ಸುತ್ತಿದ ಹೆಣ್ಣುಕೂಸು — ಅಕ್ಕನ ಮಗಳು ಶಾಲುಬಾಯಿಯದು. ಏಳೇ ತಿಂಗಳಿಗೆ ಅವಸರ ಮಾಡಿತು. ಔರಾದದಲ್ಲಿ ಕರೆಂಟಿಲ್ಲ, ಇಲ್ಲಿಗೆ ತಂದರು. ಇಂಥ ಕೂಸಿಗೆ ಹೈದರಾಬಾದಿನಲ್ಲಿ ಯಂತ್ರವಿದೆಯಂತೆ, ಅಷ್ಟು ದೂರ ಒಯ್ಯುವಂತಿಲ್ಲ. ಡಾಕ್ಟರಬಾಯಿ ಹೇಳಿದ್ದು ಒಂದೇ: "ಕಾವು ಇಳೀಬಾರದ್ರಿ."

೩೦ ಅಕ್ಟೋಬರ್

ಸೈನ್ಸ್ ಮಾಸ್ತರ ಮಚ್ಛೇಂದ್ರ ಶಾಲೆಯ ಮೀಟರು ಹಚ್ಚಿ ನೋಡಿದ. ವೋಲ್ಟೇಜು ೨೨೦, ಕರೆಂಟು ೦.೪೫ ಆಂಪಿಯರ್. ಭಾಗಿಸಿದರೆ ರೋಧ, ಸುಮಾರು ೪೯೦ ಓಮ್. ಗುಣಿಸಿದರೆ ೯೯ ವ್ಯಾಟ್.

"ಇನ್ನೊಂದು ವ್ಯಾಟ್ ಎಲ್ಲಿ ಹೋತೋ?"

"ಮೈಸೂರಿಗೆ ಕೂಡೂದಕ್ಕ ಮೊದಲ ಹೈದ್ರಾಬಾದಿನವ್ರು ಇಟಗೊಂಡಾರ್ರಿ."

ಶಾಲು ನಕ್ಕಳು. ಬಂದಮೇಲೆ ಮೊದಲ ಸಲ.

೧ ನವೆಂಬರ್, ಸಂಜೆ

ಇಂದಿನಿಂದ ಮೈಸೂರು ರಾಜ್ಯದವರು. ದೀವಳಿಗೆಯೂ ಇದೇ ವಾರ. ಊರೆಲ್ಲ ದೀಪದ ತೋರಣ. ಸಂಪಾದಕರಿಗೆ ಅದರ ಮೇಲೆ ನಗೆಬರಹ ಬೇಕು. ಅರ್ಧ ಬರೆದಿದ್ದೆ...

"ಮಾಮಾ, ಬಲ್ಬು ಕೆಂಪಗಾಗ್ಯದ."

"ಉರೀಲಿಕ್ಕತ್ತದಲ್ಲ?"

"ಉರೀತದ. ಕಾವ ಇಲ್ಲ. ಕೂಸಿನ ಕಾಲ ಹಿಡದ ನೋಡು."

ತಣ್ಣಗಿತ್ತು.

ಮತ್ತೆ ಮೀಟರು. ೧೫೦ ವೋಲ್ಟ್. ೦.೩೬ ಆಂಪಿಯರ್. ಮಚ್ಛೇಂದ್ರ ಗುಣಿಸಿದ. ೫೪ ವ್ಯಾಟ್.

"ವೋಲ್ಟೇಜು ಮೂರರಾಗ ಒಂದು ಪಾಲು ಬಿದ್ದದ. ಕಾವು ಅರ್ಧಕ್ಕ ಬಂದದ್ರಿ. ಕರೆಂಟು ತೋರಣ ಎಲ್ಲಾ ಎಳೀಲಿಕ್ಕತ್ತಾವ. ಇನ್ನೊಂದು ನೂರರದ್ದು ಹಾಕಬೇಕು."

ಯಾವ ಅಂಗಡಿಯಲ್ಲೂ ಬಲ್ಬಿಲ್ಲ. ಹಬ್ಬಕ್ಕೆ ಖಾಲಿ. ಬಲ್ಬು ತರಲು ಮಚ್ಛೇಂದ್ರ ಭಾಲ್ಕಿಯ ರೈಲು ಹತ್ತಿದ. ಶಾಲು ಬಿಸಿನೀರಿನ ಬಾಟಲಿ ಇಡುತ್ತಾಳೆ. ಮುಂದಿನ ನೀರು ಕಾಯುವಷ್ಟರಲ್ಲಿ ಅದು ಆರುತ್ತದೆ. ಕೆಂಡ ಇಟ್ಟರೆ ಹೊಗೆ.

ತೋರಣದ ಕೆಲಸದ ಉಸ್ಮಾನ ಮಿಯಾನ ಬಳಿ ಓಡಿದೆ.

"ಒಂದು ತಾಸು ಆರಸಪ್ಪ."

"ದೊಡ್ಡ ಸಾಹೇಬ್ರು ಬರೂ ಹೊತ್ತಿಗಿ? ನನ್ನ ನೌಕರಿ ನುಂಗಲಿಕ್ಕೇ ಬಂದೀರೇನ್ರಿ ಸಾಬ?"

ಕೂಸಿನ ಮಾತು ಹೇಳಿದೆ. ಏಣಿ ಹತ್ತಿ ಒಂದು ಸಾಲು ಕಿತ್ತ. ಬಲ್ಬುಗಳಲ್ಲಿ ಬರೆದಿದ್ದ 'ಮೈಸೂರು' ಅರ್ಧ ಕತ್ತಲಾಯಿತು. ಮನೆಗೆ ಬಂದು ನೋಡಿದರೆ, ಮಾಸ್ತರ ಬಿಟ್ಟುಹೋದ ಮೀಟರು ಎರಡೇ ವೋಲ್ಟ್ ಏರಿತ್ತು. ಉಳಿದ ಊರು ಬೆಳಗುತ್ತಿತ್ತು, ಬಹಳ ಚೆಂದ.

೩ ನವೆಂಬರ್

ಎರಡು ದಿನ ಅಲೆದು ಮಚ್ಛೇಂದ್ರ ಬಂದ. ಕರವಸ್ತ್ರದಲ್ಲಿ ಸುತ್ತಿದ ಬಲ್ಬು ಹಿಡಿದು ಹೊಸ್ತಿಲಲ್ಲೇ ನಿಂತ. ಕೂಸು ನಿನ್ನೆ ಸಂಜೆಯೇ ಹೋಗಿತ್ತು.

"ಒಳಗ ಬರ್ರಿ ಮಾಸ್ತರ," ಅಂದಳು ಶಾಲು. "ಬಲ್ಬು ಒಡದೀತು, ಕೆಳಗಿಡ್ರಿ."

ಪತ್ರಿಕೆಯ ಜವಾನ ಬಂದು ಅರ್ಧ ನಗೆಬರಹವನ್ನೇ ಒಯ್ದ. ಸಂಪಾದಕರು ಬಿದ್ದು ಬಿದ್ದು ನಕ್ಕರಂತೆ.

೫ ನವೆಂಬರ್, ಬೆಳಿಗ್ಗೆ

ಶಾಲುವನ್ನು ಔರಾದದ ಬಸ್ಸಿಗೆ ಹತ್ತಿಸಿ ಬಂದೆ. ಜೊತೆಗೆ ಬರುತ್ತೇನೆಂದೆ.

"ಬ್ಯಾಡ ಮಾಮಾ. ನೀ ಬಂದ್ರ ನಗಸ್ತಿ."

ಈ ಪುಟ ಯಾರೂ ಓದಬಾರದು. ಓದಿದರೆ ಒಂದು ಉಪಕಾರ ಮಾಡಿ. ಆ ಬಸ್ಸಿನಲ್ಲಿ ತಲೆಗೆ ಅರಿವೆ ಬಿಗಿದುಕೊಂಡ ಹೆಣ್ಣುಮಗಳಿದ್ದಾಳೆ. ಮಡಿಲಲ್ಲಿ ಏನೂ ಇಲ್ಲ, ಆದರೂ ಬಾಳಂತಿ. ಗಂಡೋ ಹೆಣ್ಣೋ ಕೇಳಬೇಡಿ. ಗಾಳಿ ತಾಗಬಾರದು — ಆ ಬದಿಯ ಕಿಟಕಿ ಒಂದಿಷ್ಟು ಮುಚ್ಚಿ...