ಮರಳಿ ಡಬ್ಬಿಗೆ ಹಾಕದ ಕೀಲಿಕೈ

ಮಂಗಳವಾರ, ಮಧ್ಯಾಹ್ನ

ಫೋನು ಎತ್ತಿದ ಕೂಡಲೇ ಊಟ ಆಯಿತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಡುವ ನನ್ನ ಮಗಳಿಗೆ ಅಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಕ್ಷೇಮ ಎಷ್ಟು ಗಟ್ಟಿ ಎಂದರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಅದಕ್ಕೆ ಹೊರಗಿನಿಂದ ಬೀಗ ಹಾಕಿರುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಣ್ಣ ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂರುತ್ತಾನೆ. ಅದಕ್ಕೇ ಈ ಕಾಗದ. ಮೂರನೇ ಕ್ಲಾಸಿನ ಅಕ್ಷರ, ಸೊಟ್ಟಗೆ ಕಂಡರೆ ನೀನೇ ಕತ್ತು ವಾಲಿಸಿಕೊಂಡು ಓದು.

ಊರವರ ಬೀಗ ಕೆಟ್ಟರೆ ನಿನ್ನ ಅಣ್ಣ ಚೀಲ ಹೆಗಲಿಗೇರಿಸಿಕೊಂಡು ಓಡುತ್ತಾನೆ. ಹೆತ್ತವಳ ಬಾಗಿಲನ್ನು ಮಾತ್ರ ಎರಡು ಸುತ್ತು ತಿರುಗಿಸಿ, ಎಳೆದು ನೋಡಿ ಹೋಗುತ್ತಾನೆ. ಕಾರಣ ನಿನಗೂ ಗೊತ್ತು. ದಾರದ ಉಂಡೆ ತರಲು ಹೋದವಳು ಪೊಲೀಸರ ಜೀಪಿನಲ್ಲಿ ಮನೆಗೆ ಬಂದೆ. ಬೀದಿ ಅಗೆದಿದ್ದರು ಕಣೇ, ಸುತ್ತಿ ಹೋಗಬೇಕಾಯಿತು, ಯಾರಿಗಾದರೂ ದಾರಿ ತಪ್ಪುತ್ತದೆ. ಅವನು ಕೇಳಬೇಕಲ್ಲ. “ಅಮ್ಮಾ, ಒಂದ್ಸಲ ಆಗಿದ್ದು ಇನ್ನೊಂದ್ಸಲ ಆಗೇ ಆಗುತ್ತೆ” ಎಂದು ನನ್ನ ಕೀಲಿಕೈ ಕಿತ್ತುಕೊಂಡ.

ಮೂರನೇ ಮಹಡಿ. ಕಿಟಕಿಗೆ ಕಂಬಿ. ಪಾರಿವಾಳ ಒಳಗೆ ಬರಬಾರದೆಂದು ಬಾಲ್ಕನಿಗೂ ಬಲೆ. ಬಾಗಿಲ ತೂತಿಗೆ ಕಣ್ಣಿಟ್ಟರೆ ಎದುರು ಮನೆಯವರ ಚಪ್ಪಲಿ ಕಾಣುತ್ತದೆ. ಅವು ಹೋಗುತ್ತವೆ, ಬರುತ್ತವೆ. ಚಪ್ಪಲಿ ಕಂಡು ಹೊಟ್ಟೆ ಉರಿದುಕೊಳ್ಳುವ ಕಾಲ ಬಂತು ನನಗೆ.

ಈಗ ಮೊಮ್ಮಗಳ ವಿಷಯ. ಏಳನೇ ಕ್ಲಾಸಿಗೆ ಅವಳ ಗಣಿತದ ಮೇಡಂ ಹೊಸ ಪಾಠ ಶುರು ಮಾಡಿದ್ದಾರೆ, ಸಂಭವನೀಯತೆ ಅಂತ. ಆ ಮಾತು ಬಾಯಲ್ಲಿ ತಿರುಗಬೇಕಾದರೆ ಹಲ್ಲೆಲ್ಲ ಜಾಗದಲ್ಲಿರಬೇಕು. ಒಂದು ಸಂಗತಿ ನಡೆಯುತ್ತದೆಂದು ಎಷ್ಟು ನಂಬಬಹುದು ಎಂದು ಲೆಕ್ಕ ಹಾಕುವುದಂತೆ. ಮನೆಯಲ್ಲಿ ಅದು ಗೊತ್ತಿಲ್ಲದ ಒಬ್ಬರಿಗೆ ಕಲಿಸಿ ಬನ್ನಿ ಎಂದು ಹೋಂವರ್ಕು. ಏನೂ ಗೊತ್ತಿಲ್ಲದವರು ಬೇಕೆಂದರೆ ಈ ಮನೆಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೇ.

ಗೋಲಿ ಇಲ್ಲ, ದಾಳ ಇಲ್ಲ. ನಿನ್ನ ಅಣ್ಣ ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ಕೀಲಿಕೈ ತುಂಬಿ ಮಂಚದ ಕೆಳಗೆ ಇಟ್ಟಿದ್ದಾನಲ್ಲ, ಅದರಿಂದ ಏಳು ಬಿಳಿಯವು, ಮೂರು ಹಿತ್ತಾಳೆಯವು ಆರಿಸಿ ಚೀಲಕ್ಕೆ ಹಾಕಿದಳು. ಕಣ್ಣು ಮುಚ್ಚಿ ಒಂದು ತೆಗೆದರೆ ಯಾವುದು ಬರುವ ಸಂಭವ ಹೆಚ್ಚು ಎಂದಳು. ಬಿಳಿ ಎಂದೆ, ಅದಕ್ಕೆ ಸ್ಕೂಲು ಬೇಕಾ. ಹಿತ್ತಾಳೆಗೆ ಹತ್ತರಲ್ಲಿ ಮೂರು. ಕಪ್ಪು ಬರುವುದು ಅಸಾಧ್ಯ, ಚೀಲದಲ್ಲೇ ಇಲ್ಲವಲ್ಲ. ಎರಡರಲ್ಲೊಂದು ಬಣ್ಣ ಬರುವುದು ಖಚಿತ. ಇಷ್ಟೇ ಪಾಠ. ನಾನು ಬೆರಳಲ್ಲೇ ತೂಕ ನೋಡಿ ಹಿತ್ತಾಳೆಯದನ್ನು ಎಳೆದೆ. ಅದು ಮೋಸ ಎಂದು ಕೈಮೇಲೆ ಹೊಡೆದಳು. ಮೇಡಂಗಿಂತ ಜೋರಿದ್ದಾಳೆ.

ಆಮೇಲೆ ನ್ಯಾಯವಾಗಿ ತೆಗೆದೆ. ತೆಗೆದದ್ದನ್ನು ಪ್ರತಿಸಲ ವಾಪಸು ಹಾಕಿಸುತ್ತಿದ್ದಳು. ಸಾಲಾಗಿ ಬಿಳಿಯದೇ ಬಂತು. ಈ ಸಲ ಹಿತ್ತಾಳೆ ಬರಲೇಬೇಕು ಎಂದು ಹಟ ಹಿಡಿದೆ.

“ಕೀಗೆ ನೆನಪಿರಲ್ಲ ಅಜ್ಜಿ. ವಾಪಸ್ ಹಾಕಿದ್ಮೇಲೆ ಎಲ್ಲಾ ಮೊದಲಿಂದ.”

ಚೀಲಕ್ಕೆ ಹಾಕಿದ ಕೈಯನ್ನು ಹಾಗೇ ಹೊರಗೆ ತೆಗೆದುಬಿಟ್ಟೆ. ಯಾಕೆಂದು ನಿನಗೊಬ್ಬಳಿಗೇ ಹೇಳುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೋ. ನಿನ್ನ ಅಣ್ಣ ಯಾವ ಕೀಲಿಕೈಯನ್ನೂ ಎಸೆಯುವವನಲ್ಲ. ನನ್ನಿಂದ ಕಿತ್ತದ್ದನ್ನೂ ಆ ಡಬ್ಬಿಗೇ ಹಾಕಿರುತ್ತಾನೆ ಎಂದು ನನ್ನ ಊಹೆ. ಇವರೆಲ್ಲ ಹೋದ ಮೇಲೆ ದಿನಾ ಒಂದೊಂದಾಗಿ ಬಾಗಿಲಿನ ಒಳಬದಿಯ ಕೀಲಿತೂತಿಗೆ ತೂರಿಸಿ ನೋಡುತ್ತಿದ್ದೆ. ಅವನಿಗೆ ಗೊತ್ತಾಗಬಾರದೆಂದು ನೋಡಿದ್ದನ್ನೆಲ್ಲ ಅದೇ ಡಬ್ಬಿಗೆ ಸುರಿದು ಅಲುಗಾಡಿಸಿ ಇಡುತ್ತಿದ್ದೆ. ಅಂದರೆ ಇಷ್ಟು ದಿನ ಕೈ ಕಪ್ಪು ಮಾಡಿಕೊಂಡರೂ ನಾನು ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ.

ಏನೂ ಅರಿಯದವಳ ಹಾಗೆ ಕೇಳಿದೆ: ವಾಪಸು ಹಾಕದೆ ಬೇರೆ ಇಟ್ಟರೆ? ಆಗ ಉಳಿದವು ಕಡಿಮೆಯಾಗುತ್ತಾ ಹೋಗುತ್ತವೆ, ನಮಗೆ ಬೇಕಾದದ್ದು ಸಿಗುವ ಸಂಭವ ಪ್ರತಿಸಲ ಏರುತ್ತದೆ ಎಂದಳು. ಆದರೆ ಬೇಕಾದದ್ದು ಚೀಲದಲ್ಲಿ ಇದ್ದರೆ ಮಾತ್ರ ಎಂದೂ ಸೇರಿಸಿದಳು. ಯಾಕಜ್ಜಿ ಎಂದಳು. ನಿನ್ನ ಪರೀಕ್ಷೆಗೆ ಎಂದೆ.

ಈಗ ನೋಡಿದವನ್ನೆಲ್ಲ ದಿಂಬಿನ ಚೀಲದೊಳಗೆ ಹಾಕುತ್ತಿದ್ದೇನೆ. ತಲೆಗೆ ಚುಚ್ಚುತ್ತವೆ, ಚುಚ್ಚಲಿ. ಡಬ್ಬಿ ಹಗುರಾಗುತ್ತಿದೆ.

ಇನ್ನೊಂದು ಲೆಕ್ಕವನ್ನೂ ಅವಳ ಮುಂದಿಟ್ಟೆ. ಇಷ್ಟು ವರ್ಷ ದಿನಾ ಹೋಗಿ ಬಂದವಳು ದಾರಿ ತಪ್ಪಿದ್ದು ಒಂದು ಸಲ, ಹಾಗಾದರೆ ಮತ್ತೆ ತಪ್ಪುವ ಸಂಭವ ಎಳ್ಳಷ್ಟಲ್ಲವಾ ಎಂದೆ. ಅವಳು ಪೆನ್ಸಿಲಿನಲ್ಲಿ ಏನೋ ಬರೆದು ಹೊಡೆದುಹಾಕಿದಳು.

“ನೀನು ಮೊದಲಿನ ಹಾಗೇ ಇದ್ರೆ ಅದು ಸರಿ ಅಜ್ಜಿ,” ಎಂದಳು.

ಥೇಟ್ ಅಪ್ಪನ ಮಗಳು. ಆ ಹೊತ್ತು ಅವಳೊಡನೆ ಮಾತು ಬಿಟ್ಟೆ.

ನಿನ್ನನ್ನು ಕೇಳುವುದು ಇಷ್ಟೇ. ನೀನು ಬಂದು ಅವನಿಗೆ ಹೇಳು. ಕೆಳಗಿನ ಅಂಗಡಿಯವರೆಗೆ ಸಾಕು, ಬೀದಿಯ ತಿರುವಿನವರೆಗೆ ಸಾಕು. ನನ್ನ ಕಾಲು ಗಟ್ಟಿಯಿದೆ, ಬಾಯಿ ಅದಕ್ಕಿಂತ ಗಟ್ಟಿಯಿದೆ, ತಲೆಯೂ ನೆಟ್ಟಗಿದೆ. ಬಾಗಿಲ ಆಚೆ ಕಾಲಿಡಲು ಇಷ್ಟು ಸಾಲದೇ? ಈ ಕಾಗದವನ್ನು ಹುಡುಗಿಯ ಕೈಲಿ ಗುಟ್ಟಾಗಿ ಪೋಸ್ಟು ಮಾಡಿಸುತ್ತೇನೆ.

ಬಾಗಿಲಿನ ಒಳಗಿನಿಂದ,
ನಿನ್ನ ಅಮ್ಮ

ತಾ.ಕ.: ಬುಧವಾರ. ಹುಡುಗಿಯ ಕೈಲಿ ಕೊಡಲಿಲ್ಲ, ನಾನೇ ಬಂದೆ. ಇವತ್ತು ಬೆಳಿಗ್ಗೆ ಒಂದು ಕೀಲಿಕೈ ತಿರುಗಿತು. ಅಂಚೆ ಕಚೇರಿಯಲ್ಲಿ ನಿಂತು, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಬರುವಾಗ ಗಾಳಿ ಚೆನ್ನಾಗಿತ್ತು, ತಿರುವುಗಳನ್ನು ನೋಡಿಕೊಳ್ಳಲಿಲ್ಲ. ಈಗ ಹೊರಗೆ ಎರಡು ಬೀದಿ ಕಾಣುತ್ತಿವೆ, ಎರಡೂ ನಮ್ಮದರ ಹಾಗೇ ಇವೆ. ಅವತ್ತೂ ಹೀಗೇ ಆಗಿದ್ದು. ಕೌಂಟರಿನವನು ಎರಡು ಸಲ ನನ್ನ ಮುಖ ನೋಡಿದ. ಅವನನ್ನು ದಾರಿ ಕೇಳಿದರೆ ನಿನ್ನ ಅಣ್ಣನಿಗೆ ಫೋನು ಹೋಗುತ್ತದೆ, ನಾಳೆಯಿಂದ ಆ ಡಬ್ಬಿಯೂ ಮನೆಯಲ್ಲಿರುವುದಿಲ್ಲ. ಹಾಗಾಗಿ ಕೇಳುವುದಿಲ್ಲ. ಇದು ನಿನ್ನ ಕೈ ಸೇರುವಷ್ಟರಲ್ಲಿ ನಾನು ಹಿಡಿದ ಬೀದಿ ಯಾವುದೆಂದು ನಿನಗೆ ಗೊತ್ತಾಗಿರುತ್ತದೆ. ನನಗೆ ಇನ್ನೂ ಗೊತ್ತಿಲ್ಲ.