ಒಂದು ಸೀನಿಗೆ ಎತ್ತಿದ ಬಾವುಟ

ಅಂತರ ಕಾಲೇಜು ಕ್ರೀಡಾ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ರಾತ್ರಿ ಎರಡೂ ಮುಕ್ಕಾಲಿಗೆ ನನ್ನ ಮನೆಯಲ್ಲಿ ಒಂದು ಸೀನು ಕೇಳಿಸಿತು. ಒಂದೇ ಒಂದು. ನನಗೆ ಎಚ್ಚರವಾದದ್ದು ಅದರಿಂದಲೇ. ಆ ಸೀನಿನ ಕಾರಣಕ್ಕೆ ಬೆಳಿಗ್ಗೆ ಆರಕ್ಕೆ ತಮ್ಮ ಮಂಡಳಿಯ ವ್ಯಾನು ಬಂದು ನಮ್ಮ ತಂಡದ ಗೋಲ್‌ಕೀಪರ್ ಹುಡುಗಿಯನ್ನು ಕರೆದೊಯ್ದು, ತಿಂಗಳುಗಟ್ಟಲೆ ಬೀಗ ಬಿದ್ದಿರುವ ಮೂರಂತಸ್ತಿನ ಹಾಸ್ಟೆಲಿನಲ್ಲಿ ಒಬ್ಬಳನ್ನೇ ಎರಡು ವಾರ ಕೂಡಿಹಾಕಲಿದೆ. ಸೀನಿದ್ದು ಅವಳಲ್ಲ. ಪತ್ರದ ಸಾರಾಂಶ ಇಷ್ಟೇ. ತಾವು ಕಾರ್ಯನಿರತರು; ಇಲ್ಲಿಗೇ ಓದು ನಿಲ್ಲಿಸಿ ಫೋನ್ ಎತ್ತಿಕೊಂಡರೆ ನಾನೇನೂ ಬೇಸರಪಟ್ಟುಕೊಳ್ಳುವುದಿಲ್ಲ. ನಂಬಿಕೆ ಬಾರದಿದ್ದರೆ ಮುಂದೆ ಓದಿ.

ನಾನು ಮಹಿಳಾ ಕಾಲೇಜಿನ ಫುಟ್‌ಬಾಲ್ ತಂಡದ ತರಬೇತುದಾರಳು. ಏಳು ತಿಂಗಳ ಗಂಡು ಮಗುವಿನ ತಾಯಿ. ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಹಜಾರ, ಒಂದು ಅಡುಗೆಮನೆ, ಒಂದೇ ಬಚ್ಚಲಿನ ಮನೆ ನಮ್ಮದು. ಜೊತೆಗೆ ಗಂಡ, ಅತ್ತೆ. ಈ ಸಾಂಕ್ರಾಮಿಕ ಬಂದಾಗ ನಮ್ಮ ತಂಡ ಆ ಋತುವಿನ ಎರಡು ಪಂದ್ಯ ಗೆದ್ದಿತ್ತು. ಎಲ್ಲ ಕಡೆ ಎಲ್ಲವೂ ನಿಂತಿತು. ಶಾಲೆ ನಿಂತಿತು, ಬಸ್ಸು ನಿಂತಿತು, ಮದುವೆಗಳು ನಿಂತವು. ತಮ್ಮ ಸರಣಿ ಮಾತ್ರ ನಿಲ್ಲಲಿಲ್ಲ. ಒಂದೇ ಕುಟುಂಬದವರನ್ನು ಬಿಟ್ಟರೆ ಬೇರೆ ಯಾರೂ ಎರಡು ಮೀಟರಿಗಿಂತ ಹತ್ತಿರ ಬರಬಾರದು ಎಂಬ ಆಜ್ಞೆಯನ್ನು ಓದಿದ ಸಾಮಾನ್ಯ ಮನುಷ್ಯ, ಸರಿ, ಈ ವರ್ಷ ಫುಟ್‌ಬಾಲ್ ಇಲ್ಲ ಎಂದುಕೊಂಡು ಕಿಟಕಿ ಹಾಕಿ ಮಲಗುತ್ತಾನೆ. ತಾವು ಸಾಮಾನ್ಯರಲ್ಲ. ಆಜ್ಞೆ ಚಾಪೆಯ ಕೆಳಗೆ ತೂರಿದರೆ ತಾವು ರಂಗೋಲಿಯ ಕೆಳಗೆ ತೂರಿದಿರಿ. ಕುಟುಂಬದವರು ಆಡಬಹುದು ಎಂದಾದರೆ ತಂಡವನ್ನೇ ಕುಟುಂಬ ಮಾಡಿದರಾಯಿತಲ್ಲ? ಒಂದು ಮಧ್ಯಾಹ್ನ ತಮ್ಮ ಸಹಿಯಿರುವ ಆದೇಶ ಬಂತು. ಹದಿನಾಲ್ಕು ಆಟಗಾರ್ತಿಯರೂ ಇನ್ನು ಮುಂದೆ ತರಬೇತುದಾರಳ ಕುಟುಂಬದ ಸದಸ್ಯರು, ವಾಸ ಅವಳ ಮನೆಯಲ್ಲೇ. ಸಂಬಂಧದ ಜಾಗದಲ್ಲಿ ಎಲ್ಲರ ಮುಂದೆಯೂ ‘ಮಗಳು’ ಎಂದಿತ್ತು. ನನಗೆ ಇಪ್ಪತ್ತೊಂಬತ್ತು. ನನ್ನ ಹಿರಿಯ ಮಗಳಿಗೆ ಇಪ್ಪತ್ತೊಂದು.

ಆದೇಶವನ್ನು ನಾನು ಗಟ್ಟಿಯಾಗಿ ಓದಿದಾಗ ಅತ್ತೆ ಕನ್ನಡಕ ತೆಗೆದು ಒರೆಸಿ, “ಒಂದನ್ನ ಹೆರೋಕೆ ನೀನು ಎರಡು ಹಗಲು ಒಂದು ರಾತ್ರಿ ಒದ್ದಾಡಿದೆ. ಆ ಪುಣ್ಯಾತ್ಮ ಒಂದೇ ಸಹೀಲಿ ಹದಿನಾಲ್ಕು ಹೆತ್ತನಲ್ಲೇ” ಎಂದರು. ಅದು ಮೆಚ್ಚುಗೆಯೋ ಬೈಗುಳವೋ ಇವತ್ತಿಗೂ ನನಗೆ ಗೊತ್ತಿಲ್ಲ.

ಹುಡುಗಿಯರು ಬಂದರು. ಬೇರೆ ದಾರಿಯೂ ಇರಲಿಲ್ಲ. ಹಾಸ್ಟೆಲ್ ಮುಚ್ಚಿತ್ತು, ಊರಿಗೆ ಹೋಗುವ ರಸ್ತೆಗಳು ಮುಚ್ಚಿದ್ದವು. ಹಜಾರದಲ್ಲಿ ಎಂಟು, ಒಂದು ಕೋಣೆಯಲ್ಲಿ ಐದು, ಅಡುಗೆಮನೆಯಲ್ಲಿ ಒಬ್ಬಳು. ಅಡುಗೆಮನೆಯವಳೇ ಗೋಲ್‌ಕೀಪರ್, ಅವಳಿಗೆ ಕತ್ತಲೆಂದರೆ ಭಯ, ಅಲ್ಲಿನ ದೀಪ ರಾತ್ರಿಯಿಡೀ ಉರಿಯುತ್ತದೆ. ಗಂಡ ಕಂಪ್ಯೂಟರ್ ಹೊತ್ತುಕೊಂಡು ಬಚ್ಚಲಿಗೆ ಹೋದರು, ಅಲ್ಲೇ ಮುಚ್ಚಿದ ಬಕೆಟ್ಟಿನ ಮೇಲೆ ಕೂತು ತಮ್ಮ ಕಚೇರಿಯ ಸಭೆಗಳಲ್ಲಿ ಭಾಗವಹಿಸುತ್ತಾರೆ. ಯಾರಾದರೂ ಬಾಗಿಲು ಬಡಿದರೆ ಸಭೆಗೆ ಕ್ಷಮೆ ಕೇಳಿ ಹೊರಬರುತ್ತಾರೆ. ವಾರದೊಳಗೆ ಗುರುತಿನ ಚೀಟಿಗಳೂ ಬಂದವು. ಕುಟುಂಬವೇ ತಂಡವಾದ್ದರಿಂದ ತಮ್ಮ ಸಿಬ್ಬಂದಿ ಯಾರನ್ನೂ ಬಿಟ್ಟಿರಲಿಲ್ಲ. ಅತ್ತೆ ಲೆಫ್ಟ್ ಬ್ಯಾಕ್. ನನ್ನ ಮಗ ಮಿಡ್‌ಫೀಲ್ಡರ್. ಗಂಡನ ಚೀಟಿಯಲ್ಲಿ ‘ಹೆಚ್ಚುವರಿ ಆಟಗಾರ’ ಎಂದಿತ್ತು. ಅವರ ತಾಯಿ ಅದನ್ನು ಓದಿ, ಸರಿಯಾಗೇ ಬರೆದಿದ್ದಾರೆ ಎಂದರು. ಅತ್ತೆ ಮಾತ್ರ ತಮ್ಮ ಚೀಟಿಯನ್ನು ಅಂದಿನಿಂದ ಕೊರಳಿನಿಂದ ತೆಗೆದಿಲ್ಲ.

ರೋಗವನ್ನು ನಾನು ಹಗುರವಾಗಿ ಕಾಣುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ನನ್ನಷ್ಟು ಹೆದರಿದವರು ಈ ಬೀದಿಯಲ್ಲಿಲ್ಲ. ಚೆಂಡನ್ನು ಸೋಪು ಹಾಕಿ ತೊಳೆಯುತ್ತೇನೆ. ಬಾಗಿಲ ಚಿಲಕ ಒರೆಸುತ್ತೇನೆ, ಒರೆಸಿದ ಬಟ್ಟೆಯನ್ನೂ ಒಗೆಯುತ್ತೇನೆ. ಆಂಬ್ಯುಲೆನ್ಸ್ ಸದ್ದು ಕೇಳಿದಾಗಲೆಲ್ಲ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ಅದು ಎದ್ದು ಅಳುತ್ತದೆ. ಅತ್ತಿತಲ್ಲ ಎಂದು ನನಗೆ ಸಮಾಧಾನವಾಗುತ್ತದೆ. ನಾನು ನಿದ್ದೆ ಮಾಡಿದ್ದು ಯಾವಾಗ ಎಂದು ಗಂಡನನ್ನು ಕೇಳಿದರೆ ಅವರು ಕ್ಯಾಲೆಂಡರ್ ನೋಡುತ್ತಾರೆ. ಇಂಥವಳ ಮನೆಗೆ ಹದಿನಾಲ್ಕು ಮೂಗುಗಳನ್ನು ಕಳಿಸಿದವರು ತಾವು.

ಇನ್ನು ಆಟ. ಒಂದು ಕುಟುಂಬ ಇನ್ನೊಂದು ಕುಟುಂಬದ ಹತ್ತಿರ ಹೋಗುವಂತಿಲ್ಲವಷ್ಟೆ? ಅದಕ್ಕೂ ತಮ್ಮಲ್ಲಿ ಮದ್ದಿತ್ತು. ಮೊದಲರ್ಧ ಒಂದು ತಂಡ ಒಂಟಿಯಾಗಿ ಆಡುವುದು, ದ್ವಿತೀಯಾರ್ಧ ಇನ್ನೊಂದು. ಖಾಲಿ ಗೋಲಿಗೆ ಹೆಚ್ಚು ಹೊಡೆದವರಿಗೆ ಗೆಲುವು. ಪ್ರೇಕ್ಷಕರಿಲ್ಲದ ಮೈದಾನದಲ್ಲಿ ಎದುರಾಳಿಯಿಲ್ಲದೆ ಆಡಿದ ಮೊದಲ ಪಂದ್ಯದಲ್ಲಿ ನಾವು ಒಂದು ಗೋಲು ಬಿಟ್ಟುಕೊಟ್ಟೆವು. ಯಾರಿಗೆ ಎಂದು ಕೇಳಬೇಡಿ. ನಮ್ಮವಳೇ ಹಿಂದಕ್ಕೆ ಕೊಟ್ಟ ಚೆಂಡು ನಮ್ಮ ಗೋಲ್‌ಕೀಪರ್‌ನ ಕಾಲುಗಳ ನಡುವೆ ನಿಧಾನವಾಗಿ, ಯಾರಿಗೂ ತೊಂದರೆ ಕೊಡದೆ, ಒಳಗೆ ಹೋಯಿತು. ಅವಳನ್ನು ತಂಡದವರು ‘ಜರಡಿ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಆದರೆ ಒಂದು ಮಾತು ಹೇಳಬೇಕು. ಈ ಮನೆಯಲ್ಲಿ ನನ್ನ ಮಗನನ್ನು ಅಳದಂತೆ ಮಲಗಿಸಬಲ್ಲವಳು ಅವಳೊಬ್ಬಳೇ. ಕೀಪರ್ ಕೈಗವಸು ಹಾಕಿಕೊಂಡು ಎರಡೂ ಅಂಗೈಯಲ್ಲಿ ಅವನನ್ನು ಚೆಂಡಿನಂತೆ ಹಿಡಿದು ನಿಲ್ಲುತ್ತಾಳೆ. ಅವನು ಕಣ್ಣು ಮುಚ್ಚುತ್ತಾನೆ. ಚೆಂಡು ಬಿಟ್ಟಿದ್ದಾಳೆ, ಮಗುವನ್ನು ಒಮ್ಮೆಯೂ ಬಿಟ್ಟಿಲ್ಲ.

ಹೀಗೆಯೇ ನಾವು ಫೈನಲ್‌ಗೂ ಬಂದೆವು. ಅದು ಇವತ್ತು ಮಧ್ಯಾಹ್ನ. ಈ ನಡುವೆ ತಮ್ಮ ಇನ್ನೊಂದು ನಿಯಮ ಬಂದಿತ್ತು. ಪ್ರತಿ ತಂಡದ ಮನೆಯ ಹೊರಗೆ ಒಬ್ಬ ವೀಕ್ಷಕ. ಒಳಗೆ ಯಾರಾದರೂ ಕೆಮ್ಮಿದರೆ, ಸೀನಿದರೆ ಮಂಡಳಿಗೆ ತಿಳಿಸಬೇಕು. ಸೀನಿದವರನ್ನು ಕುಟುಂಬದಿಂದ ಕೈಬಿಡುತ್ತೇನೆಂದು ಮನೆಯಾಕೆ ಸಹಿ ಮಾಡಿದರೆ ಅವರೊಬ್ಬರು ಎರಡು ವಾರ ಖಾಲಿ ಹಾಸ್ಟೆಲಿಗೆ, ಉಳಿದವರು ಆಡಬಹುದು. ಮಾಡದಿದ್ದರೆ ತಂಡ ಅನರ್ಹ. ತಂಡವಿಲ್ಲದ ಮೇಲೆ ಕುಟುಂಬವೂ ಇಲ್ಲ. ಎಲ್ಲರೂ ಅದೇ ಹಾಸ್ಟೆಲಿಗೆ. ನೆಗಡಿಯಾದರೆ ಮೂಗು ಕೊಯ್ಯುವವರ ಬಗ್ಗೆ ಕೇಳಿದ್ದೆ. ಮೂಗಿನ ತಾಯಿಯಿಂದ ಒಪ್ಪಿಗೆ ಪಡೆದು ಕೊಯ್ಯುವವರನ್ನು ಇದೇ ಮೊದಲು ಕಂಡದ್ದು.

ನಮ್ಮ ಪಾಲಿಗೆ ಬಂದ ವೀಕ್ಷಕರು ನಿವೃತ್ತ ಲೈನ್ಸ್‌ಮನ್. ಮೈದಾನದ ಗೆರೆಯ ಪಕ್ಕ ಓಡುತ್ತಾ, ತಪ್ಪು ಕಂಡರೆ ಬಾವುಟ ಎತ್ತುತ್ತಿದ್ದವರು. ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು, ಮೈದಾನದ ಅದೇ ಹಳೆಯ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಒಳ್ಳೆಯ ಮನುಷ್ಯ. ಅತ್ತೆ ಬಾಗಿಲ ಸಂದಿನಲ್ಲಿ ಅವರಿಗೆ ಚಹಾ ಕೊಡುತ್ತಾರೆ, ಆಫ್‌ಸೈಡ್ ಎಂದರೇನೆಂದು ಅವರು ದಿನಾ ವಿವರಿಸುತ್ತಾರೆ, ಅತ್ತೆಗೆ ದಿನಾ ಅರ್ಥವಾಗುವುದಿಲ್ಲ.

ನಿನ್ನೆ ಸಂಜೆ ಹಜಾರದಲ್ಲಿ ಪೆನಾಲ್ಟಿ ಅಭ್ಯಾಸ ನಡೆಯಿತು. ಮನೆಯೊಳಗೆ ಚೆಂಡು ಬೇಡವೆಂದು ನಾನೇ ಹೇಳಿದ್ದರಿಂದ ಹತ್ತಿಯ ದಿಂಬು ಒದ್ದರು. ಕ್ಯಾಪ್ಟನ್ ಒದ್ದ ಒದೆತಕ್ಕೆ ದಿಂಬು ಸಿಡಿಯಿತು. ಹತ್ತಿ ಗಾಳಿಯಲ್ಲಿ ತೇಲಿ, ಗುಡಿಸಿದಷ್ಟೂ ಎದ್ದು, ಮಲಗುವ ಹೊತ್ತಿಗೂ ದೀಪದ ಸುತ್ತ ಸುತ್ತುತ್ತಿತ್ತು. ಎರಡೂ ಮುಕ್ಕಾಲಿಗೆ ನನ್ನ ಪಕ್ಕದಲ್ಲಿ ಮಲಗಿದ್ದ ಮಗ ಸೀನಿದ. ಅವನೇ ಎಂದು ಹೇಗೆ ಗೊತ್ತು? ನನ್ನ ಕತ್ತಿಗೆ ತುಂತುರು ಬಿತ್ತು. ಅಡುಗೆಮನೆಯ ದೀಪದ ಬೆಳಕಿನಲ್ಲಿ ನೋಡಿದರೆ ಅವನ ಮೂಗಿನ ತುದಿಯಲ್ಲಿ ಹತ್ತಿಯ ಒಂದು ಎಳೆ ಇನ್ನೂ ಅಲ್ಲಾಡುತ್ತಿತ್ತು.

ಮನೆಯಿಡೀ ಎದ್ದಿತ್ತು, ಆದರೆ ಒಬ್ಬರೂ ಹಾಸಿಗೆ ಬಿಟ್ಟೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಎಲ್ಲರೂ ಮಬ್ಬಿನಲ್ಲಿ ತಮ್ಮ ತಮ್ಮ ಮೂಗು ಮುಟ್ಟಿಕೊಂಡರು. ಹೊರಗೆ ಕುರ್ಚಿ ಕಿರ್ರೆಂದಿತು. ಲೈನ್ಸ್‌ಮನ್ ಬಾಗಿಲ ಹತ್ತಿರ ಬಂದು, “ಬಾವುಟ ಎತ್ತಿದೀನಿ ಕಣಮ್ಮ. ಯಾರದು ಅದು?” ಎಂದು ಕೇಳಿದರು.

ನಾನು ಬಾಯಿ ತೆರೆದೆ. ಸೀನಿದ್ದು ಮಗ ಎಂದರೆ, ಏಳು ತಿಂಗಳ ಮಿಡ್‌ಫೀಲ್ಡರನ್ನು ನನ್ನ ಕುಟುಂಬದಿಂದ ಕೈಬಿಡುತ್ತೇನೆಂದು ನಾನು ಸಹಿ ಮಾಡಬೇಕು. ಅಷ್ಟು ಯೋಚಿಸುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು. “ನಾನೇ ಅಂಕಲ್.” ಸಾಕ್ಷಿಗೆಂಬಂತೆ ಜರಡಿ ಇನ್ನೊಮ್ಮೆ ಸೀನಿದಳು. ಅಷ್ಟು ಕೆಟ್ಟ ಸೀನನ್ನು ನಾನು ಈವರೆಗೆ ಕೇಳಿಲ್ಲ. ಅಕ್ಷರ ಅಕ್ಷರವಾಗಿ ಸೀನಿದಳು.

ವರ್ಷವಿಡೀ ಕೈಗೆ ಬಂದದ್ದನ್ನೆಲ್ಲ ಬಿಟ್ಟ ಹುಡುಗಿ ಇದೊಂದನ್ನು ಹಾರಿ ಹಿಡಿದಳು.

ಲೈನ್ಸ್‌ಮನ್ ಬಾಗಿಲಿಗೆ ಕಿವಿಯಿಟ್ಟು ಕೇಳಿಸಿಕೊಂಡರು. ಆಮೇಲೆ, “ಯಾರೂ ಮುಟ್ಟದೇ ಇದ್ರೂ ಕಾಲು ಹಿಡ್ಕೊಂಡು ಹೊರಳಾಡೋರನ್ನ ಜೀವನಪೂರ್ತಿ ನೋಡಿದೀನಿ ಮಗಳೇ. ನಟನೆ ನಂಗೆ ಗೊತ್ತಾಗುತ್ತೆ” ಎಂದರು. ಹಾಗಾದರೆ ಬಾವುಟ ಇಳಿಸಿ ಎಂದೆ. ಅದು ಸಾಧ್ಯವಿಲ್ಲವಂತೆ. ಎತ್ತಿದ ಬಾವುಟವನ್ನು ರೆಫರಿ ನೋಡಿ ಕೈಸನ್ನೆ ಮಾಡುವವರೆಗೆ ಲೈನ್ಸ್‌ಮನ್ ಇಳಿಸಬಾರದು. ಅವರು ಯಾವತ್ತೂ ಇಳಿಸಿದವರಲ್ಲ. ಇಲ್ಲಿ ರೆಫರಿ ಯಾರು ಎಂದು ಕೇಳಿದೆ. ಅಧ್ಯಕ್ಷರು ಎಂದರು. ತಮ್ಮ ಕಚೇರಿಯ ರಾತ್ರಿ ಪಾಳಿಯವರಿಗೆ ಫೋನ್ ಮಾಡಿದರೆ, ವ್ಯಾನು ಆರಕ್ಕೆ ಹೊರಡುತ್ತದೆ, ತಡೆಯಬೇಕಾದರೆ ಸ್ವತಃ ಅಧ್ಯಕ್ಷರೇ ಹೇಳಬೇಕು, ಅಧ್ಯಕ್ಷರನ್ನು ನಿದ್ದೆಯಿಂದ ಎಬ್ಬಿಸುವಂತಿಲ್ಲ ಎಂದರು. ಊರಿನಲ್ಲಿ ನಿದ್ದೆ ಬರುವ ಒಬ್ಬರಾದರೂ ಇದ್ದಾರೆಂದು ತಿಳಿದು ಸಂತೋಷವಾಯಿತು. ಅದಕ್ಕೇ ಈ ಪತ್ರವನ್ನು ಮಂಡಳಿಯ ಅಂತರ್ಜಾಲ ಪುಟದಲ್ಲಿ, ಇವತ್ತಿನ ಫೈನಲ್‌ನ ಪ್ರಕಟಣೆಯ ಕೆಳಗೇ ಹಾಕುತ್ತಿದ್ದೇನೆ. ಯಾರಾದರೂ ನಿದ್ದೆಗೆಟ್ಟವರು ಓದಿ ತಮ್ಮ ಮನೆಯ ಗಂಟೆ ಒತ್ತಿಯಾರು.

ಹುಡುಗಿಯರನ್ನು ಕೂರಿಸಿ ಎಲ್ಲ ಹೇಳಿದೆ. ಅವರಲ್ಲಿ ಐವರು ಕೊನೆಯ ವರ್ಷದವರು. ಇವತ್ತು ಆಡದಿದ್ದರೆ ಕಾಲೇಜಿನ ಜರ್ಸಿಯನ್ನು ಮತ್ತೆ ಹಾಕಲಾರರು. ಕ್ಯಾಪ್ಟನ್ ಆ ಐವರಲ್ಲಿ ಒಬ್ಬಳು. ಅವಳು ಯೋಚಿಸಲೂ ಇಲ್ಲ. “ಇವಳು ಗೋಲಲ್ಲಿ ನಿಂತ್ರೂ ಅಷ್ಟೇ, ನಿಲ್ಲದಿದ್ರೂ ಅಷ್ಟೇ ಅಕ್ಕ. ಆದ್ರೂ ಇವಳಿಲ್ಲದೆ ಆಡಲ್ಲ” ಎಂದಳು. ಜರಡಿ ನಕ್ಕಳು, ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡಳು. ಥರ್ಮಾಮೀಟರ್ ಎಲ್ಲರ ಬಾಯಿಗೂ ಹೋಗಿ ಬಂತು, ಪ್ರತಿ ಸಲ ತೊಳೆದು. ಯಾರಿಗೂ ಜ್ವರವಿಲ್ಲ. ನನಗೆ ಮಾತ್ರ ಸ್ವಲ್ಪ ಹೆಚ್ಚು ತೋರಿಸಿತು. ಅತ್ತೆ ಅದನ್ನು ಕೋಪ ಎಂದು ಬಗೆಹರಿಸಿದರು.

ಆದ್ದರಿಂದ ಮಾನ್ಯರೇ, ಸಾರ್ವಜನಿಕವಾಗಿ ಹೇಳುತ್ತಿದ್ದೇನೆ. ಸೀನಿದ್ದು ನನ್ನ ಮಗ. ನಿಯಮದಂತೆ ಕೈಬಿಡಬೇಕಾದವನು ಅವನು. ಆ ಕಾಗದಕ್ಕೆ ನನ್ನ ಸಹಿ ಬೇಕಾದರೆ ತಾವೇ ಬಂದು, ಎರಡು ಮೀಟರ್ ದೂರದಲ್ಲಿ ನಿಂತು, ಇವನು ನಿನ್ನ ಮಗನಲ್ಲ ಎಂದು ಬರೆದುಕೊಡಮ್ಮ ಎಂದು ನನ್ನ ಮುಖ ನೋಡಿ ಕೇಳಿ. ಕೇಳಲು ಬಾಯಿ ಬಾರದಿದ್ದರೆ, ‘ಮಗಳು’ ಎಂದು ತಾವೇ ಬರೆದುಕೊಟ್ಟ ಹುಡುಗಿಯ ವಿಷಯದಲ್ಲೂ ಕೇಳಬೇಡಿ. ಕುಟುಂಬ ಎಂದರೆ ಆಟವಾಡಲು ಸೇರಿಸಿ, ಸೀನಿದಾಗ ಬಿಡಿಸುವ ವಸ್ತುವೇ? ತಾವು ತಮಾಷೆಗೆ ಬರೆದದ್ದನ್ನು ನಾವು ನಿಜವಾಗಿ ನಂಬಿಬಿಟ್ಟೆವು. ತಪ್ಪು ನಮ್ಮದೇ ಇರಬಹುದು.

ನನ್ನ ಬೇಡಿಕೆ ದೊಡ್ಡದಲ್ಲ. ವ್ಯಾನು ಬೇಡವೆನ್ನಿ. ಎದುರಾಳಿಯೇ ಇಲ್ಲದ ಈ ಫೈನಲ್ ಅನ್ನು ನಿಲ್ಲಿಸಿ. ಎರಡು ತಂಡಗಳು ಒಂದೇ ಮೈದಾನದಲ್ಲಿ ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ಆಡಬಹುದಾದ ದಿನ ಬಂದಾಗ ಆಡಿಸಿ, ಅವತ್ತು ಈ ಐವರಿಗೂ ಆಡಲು ಬಿಡಿ. ಅಲ್ಲಿಯವರೆಗೆ ಹದಿನಾಲ್ಕು ಮಂದಿಯೂ ಇಲ್ಲೇ ಇರುತ್ತಾರೆ. ಕೂಡಿಹಾಕುವುದಾದರೆ ಎಲ್ಲರನ್ನೂ ಇಲ್ಲೇ ಕೂಡಿಹಾಕಿ. ಇಷ್ಟು ದಿನ ನಾವು ಮಾಡಿದ್ದಾದರೂ ಇನ್ನೇನು?

ಹೊರಗೆ ಲೈನ್ಸ್‌ಮನ್ ಬಾವುಟ ಎತ್ತಿಕೊಂಡೇ ನಿಂತಿದ್ದಾರೆ. ವಯಸ್ಸಾದ ಕೈ, ಸೋಲುತ್ತಿದೆ. ನನ್ನ ಗಂಡ ಮಾಸ್ಕ್ ಹಾಕಿಕೊಂಡು, ಎರಡು ಮೀಟರ್ ಆಚೆಯಿಂದ ಬಟ್ಟೆ ಒಣಹಾಕುವ ಕೋಲನ್ನು ಚಾಚಿ ಅವರ ಮೊಣಕೈಗೆ ಆಸರೆ ಕೊಟ್ಟು ನಿಂತಿದ್ದಾರೆ. ಹೆಚ್ಚುವರಿ ಆಟಗಾರನಿಗೆ ಕೊನೆಗೂ ಅವಕಾಶ ಸಿಕ್ಕಿತು ಎಂದು ಅತ್ತೆ ಹೇಳಿದರು, ಈ ಸಲ ಹೆಮ್ಮೆಯಿಂದ.

ಜರಡಿ ಚೀಲ ಕಟ್ಟಿಕೊಂಡು ಬಾಗಿಲಿಗೆ ಒರಗಿ ಕೂತಿದ್ದಾಳೆ. ಕೈಗವಸು ಹಾಕಿದ್ದಾಳೆ. ಹೋಗುವ ಮುಂಚೆ ಒಂದು ಸಲ ಮಲಗಿಸ್ತೀನಿ ಎಂದು ಮಗುವನ್ನು ಕೇಳಿ ಪಡೆದಳು. ಅವನು ಅವಳ ಅಂಗೈಗಳಲ್ಲಿ ನಿದ್ದೆ ಹೋಗಿ ಬಹಳ ಹೊತ್ತಾಯಿತು. ವ್ಯಾನಿನವರು ಬಂದು ಬಡಿದರೆ ಬಾಗಿಲು ತೆರೆಯಲು ಅವಳಿಗೆ ಕೈಯಿಲ್ಲ. ನಾನು ತೆರೆಯುವುದಿಲ್ಲ.

ಕಿಟಕಿಯಾಚೆ ಕತ್ತಲು ತೆಳುವಾಗುತ್ತಿದೆ. ಬೆಳಗಾಗುವ ಮುನ್ನ ದಯವಿಟ್ಟು ಒಂದು ಫೋನ್ ಮಾಡಿ. ಬೆಳಗಾಗುವ ಮುನ್ನ. ಮಗು ಏಳದಿರಲೆಂದು ಸದ್ದು ನಿಲ್ಲಿಸಿ ಫೋನನ್ನು ಅಂಗೈಯಲ್ಲೇ ಹಿಡಿದಿದ್ದೇನೆ. ಅದು ಅದುರಿದರೆ ಸಾಕು, ಎತ್ತುತ್ತೇನೆ.

ಇಂತಿ,
ತಮ್ಮ ಒಂದು ಸಹಿಯಿಂದ ಹದಿನೈದು ಮಕ್ಕಳ ತಾಯಿಯಾಗಿ,
ತಮ್ಮ ಇನ್ನೊಂದು ಸಹಿಗೆ ಒಂದನ್ನೂ ಕೊಡಲಾರದವಳು